ಹಳೆಯ ಕಟ್ಟಡದಲ್ಲಿ ಕಾಲೇಜು: ಲೈಬ್ರರಿ ಯಾವ ಮಹಡಿಯಲ್ಲಿ ಎಂಬುದೇ ಮೊದಲ ಪ್ರಶ್ನೆ

ದಕ್ಷಿಣ ಮುಂಬಯಿಯಲ್ಲಿ ಹೊಸ ಕಾಲೇಜಿಗೆ ಖಾಲಿ ನಿವೇಶನ ಸಿಗುವ ಕಾಲ ಮುಗಿದಿದೆ. ಸಿಕ್ಕರೆ ಸಿಗುವುದು ಹಳೆಯ ಕಟ್ಟಡ: ಫೋರ್ಟಿನ ವ್ಯಾಪಾರಿ ಕಚೇರಿ, ಬಲ್ಲಾರ್ಡ್ ಎಸ್ಟೇಟಿನ ಹಡಗು ಕಂಪೆನಿಯ ಕಟ್ಟಡ, ಪರೇಲ್-ಲಾಲ್‌ಬಾಗ್ ಕಡೆ ಅಳಿದುಳಿದ ಗಿರಣಿಯ ಗೋದಾಮು. ರಾತ್ರಿಶಾಲೆಯಿಂದ ಶುರುಮಾಡಿ ಹೈಸ್ಕೂಲು, ಜೂನಿಯರ್ ಕಾಲೇಜು, ಪದವಿ ಕಾಲೇಜಿನವರೆಗೆ ಬಂದ ನಮ್ಮ ಕನ್ನಡ ಸಂಸ್ಥೆಗಳ ಆಡಳಿತ ಮಂಡಳಿಗಳೂ ವಿಸ್ತರಣೆಯ ಮಾತು ಬಂದಾಗ ಇಂಥ ಕಟ್ಟಡಗಳ ಕಡೆಗೇ ನೋಡಬೇಕಾಗುತ್ತದೆ.

ನೋಡಲು ಹೋದಾಗ ಟ್ರಸ್ಟಿಗಳು ಕೇಳುವ ಮೊದಲ ಮಾತು, "ಕಟ್ಟಡ ಗಟ್ಟಿ ಇದೆಯೇ?" ಎರಡಡಿ ದಪ್ಪದ ಕಲ್ಲುಗೋಡೆ, ಒಂದಡಿ ಅಗಲದ ಸಾಗುವಾನಿ ತೊಲೆ ಕಂಡವರಿಗೆ ಉತ್ತರವೂ ಅಲ್ಲೇ ಸಿಕ್ಕಂತೆ ಅನ್ನಿಸುತ್ತದೆ. ಆದರೆ ಆ ಪ್ರಶ್ನೆ ಅರ್ಧಕ್ಕೇ ನಿಂತಿದೆ. ಯಾವ ಕೆಲಸಕ್ಕೆ ಗಟ್ಟಿ ಎಂದು ಕೇಳಬೇಕು. ಹತ್ತು ಮೇಜುಗಳ ಕಚೇರಿಗೆ ನೂರು ವರ್ಷ ಹೆಗಲು ಕೊಟ್ಟ ನೆಲ, ಪುಸ್ತಕದ ಕಪಾಟುಗಳ ಸಾಲಿಗೆ ಹತ್ತು ವರ್ಷವೂ ತಾಳದೆ ಹೋಗಬಹುದು.

ಸಾಮಾನ್ಯವಾಗಿ ನಡೆಯುವ ಕ್ರಮ ಹೀಗೆ: ಆರ್ಕಿಟೆಕ್ಟ್ ಕೋಣೆಗಳ ಹಂಚಿಕೆ ಮಾಡಿ ನಕ್ಷೆ ಬರೆಯುತ್ತಾರೆ, ಮಂಡಳಿ ಒಪ್ಪುತ್ತದೆ, ಕೊನೆಗೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆದು "ಇದಕ್ಕೆ ತಕ್ಕಂತೆ ಬಲಪಡಿಸಿ" ಎನ್ನುತ್ತಾರೆ. ಎಡವುವುದು ಇಲ್ಲೇ. ಯಾವ ಕೋಣೆಗೆ ಏನು ಎಂಬ ಹಂಚಿಕೆಯೇ ಹಳೆಯ ಕಟ್ಟಡದಲ್ಲಿ ಮೊದಲ ಸ್ಟ್ರಕ್ಚರಲ್ ತೀರ್ಮಾನ. ಅದು ಸರಿಯಾದರೆ ಮುಂದೆ ಹಾಕಬೇಕಾದ ಉಕ್ಕು, ಕೊರೆಯಬೇಕಾದ ಗೋಡೆ, ಸುರಿಯಬೇಕಾದ ಹಣ ಎಲ್ಲವೂ ಕಡಿಮೆಯಾಗುತ್ತದೆ.

ಈ ಊರಿಗೆ ಕಟ್ಟಡದ ಬಳಕೆ ಬದಲಾಗುವುದು ಹೊಸತಲ್ಲ. ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡವನ್ನು ಮೊದಲು ಯೋಚಿಸಿದ್ದು ಸರ್ಕಾರಿ ಮುದ್ರಣಾಲಯಕ್ಕೆ. ಕಾಲೇಜು ಅಲ್ಲಿಗೆ ಬಂದದ್ದು 1880ರ ದಶಕದ ಕೊನೆಗೆ. ಅಲ್ಲಿಂದ ಕೂಗಳತೆಯಲ್ಲಿ ವಾಟ್ಸನ್ ಹೋಟೆಲ್, ಈಗಿನ ಎಸ್ಪ್ಲನೇಡ್ ಮ್ಯಾನ್ಶನ್. 1860ರ ದಶಕದಲ್ಲಿ ಇಂಗ್ಲೆಂಡಿನಿಂದ ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದ ಎರಕದ ಕಬ್ಬಿಣದ ಚೌಕಟ್ಟು ಅದು. ಹೋಟೆಲು ಮುಚ್ಚಿದ ಮೇಲೆ ಒಳಗೆಲ್ಲ ಸಣ್ಣಸಣ್ಣ ಕಚೇರಿ, ಮನೆಗಳಾಗಿ ಹೋಳಾಯಿತು. 2005ರಲ್ಲಿ ಅದರ ಒಂದು ಭಾಗ ಕುಸಿಯಿತು, 2019ರಲ್ಲಿ ಬಾಡಿಗೆದಾರರನ್ನೆಲ್ಲ ಖಾಲಿ ಮಾಡಿಸಬೇಕಾಯಿತು.

ಒಂದು ಜಂತೆಯ ಲೆಕ್ಕ

ಕಟ್ಟಡದ ಮೇಲೆ ಬರುವ ಬಳಕೆಯ ಭಾರಕ್ಕೆ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಅಂಕಿಗಳನ್ನು ಕೊಡುತ್ತದೆ. ಪ್ರತಿ ಚದರ ಮೀಟರಿಗೆ ಕಿಲೋ ಲೆಕ್ಕದಲ್ಲಿ ಹೇಳುವುದಾದರೆ ವಾಸದ ಕೋಣೆಗೆ ಸುಮಾರು 200, ಕಚೇರಿಗೆ 250ರಿಂದ 400, ತರಗತಿಗೆ 300, ಕಾರಿಡಾರು ಮತ್ತು ಮೆಟ್ಟಿಲಿಗೆ 400, ಕುರ್ಚಿ ನೆಲಕ್ಕೆ ಬಿಗಿಯದ ಸಭಾಂಗಣಕ್ಕೆ 500. ಪುಸ್ತಕದ ದಾಸ್ತಾನು ಕೋಣೆಗೆ ಕಪಾಟು 2.2 ಮೀಟರ್ ಎತ್ತರದವರೆಗೆ 600, ಅದರ ಮೇಲೆ ಪ್ರತಿ ಮೀಟರಿಗೆ ಇನ್ನೂ 200. ತರಗತಿಗಿಂತ ಕಾರಿಡಾರಿಗೆ ಹೆಚ್ಚು ಯಾಕೆ ಎಂದು ಹಲವರು ಕೇಳುತ್ತಾರೆ. ಗಂಟೆ ಹೊಡೆದಾಗ ನಾಲ್ಕು ತರಗತಿಗಳ ಮಕ್ಕಳು ಒಟ್ಟಿಗೆ ಬಂದು ನಿಲ್ಲುವುದು ಅಲ್ಲೇ.

ಫೋರ್ಟ್ ಭಾಗದ ಹಳೆಯ ಕಟ್ಟಡದಲ್ಲಿ ಕಾಣಸಿಗುವಂಥ ಒಂದು ಜಂತೆಯನ್ನು, ಅಂದರೆ ನೆಲದ ಹಲಗೆಯನ್ನು ಹೊರುವ ಅಡ್ಡಮರವನ್ನು, ತೆಗೆದುಕೊಳ್ಳೋಣ. ಸಾಗುವಾನಿ, ಅಗಲ 75 ಮಿಲಿಮೀಟರ್, ಎತ್ತರ 200, ಅಂದರೆ ಮೂರಿಂಚು ಎಂಟಿಂಚು. ಗೋಡೆಯಿಂದ ತೊಲೆಗೆ 3.6 ಮೀಟರ್, ಜಂತೆಯಿಂದ ಜಂತೆಗೆ 450 ಮಿಲಿಮೀಟರ್. ಮೇಲೆ ಒಂದಿಂಚಿನ ಹಲಗೆ, ಅದರ ಮೇಲೆ 100 ಮಿಲಿಮೀಟರ್ ಸುಣ್ಣದ ಕಾಂಕ್ರೀಟು, ಮೇಲೆ ಹೆಂಚು ಅಥವಾ ಶಹಾಬಾದ್ ಕಲ್ಲು. ಬಳಕೆಯ ಭಾರ ಬರುವ ಮೊದಲೇ ಈ ನೆಲದ ಸ್ವಂತ ತೂಕ ಚದರ ಮೀಟರಿಗೆ ಸುಮಾರು 280 ಕಿಲೋ.

ವಾಸದ ಭಾರ ಸೇರಿಸಿದರೆ ಜಂತೆಯಲ್ಲಿ ಬಾಗುವ ಒತ್ತಡ ಚದರ ಮಿಲಿಮೀಟರಿಗೆ 7 ನ್ಯೂಟನ್, ನಡುವಿನ ಬಾಗು 10 ಮಿಲಿಮೀಟರ್. ಗಿಲಾವಿನ ಚಾವಣಿ ಬಿರುಕು ಬಿಡದಿರಲು ಬಾಗು ಉದ್ದದ 360ನೇ ಒಂದು ಭಾಗ ದಾಟಬಾರದು. ಇಲ್ಲಿ ಅದೂ ಸರಿಯಾಗಿ 10. ಅಂದಿನ ಮೇಸ್ತ್ರಿ ಅಂದಾಜಿನಲ್ಲಿ ಇಟ್ಟದ್ದು ಇಂದಿನ ಲೆಕ್ಕಕ್ಕೆ ಕೂದಲೆಳೆಯಲ್ಲಿ ಕೂರುತ್ತದೆ. ತರಗತಿಯ ಭಾರ ಹಾಕಿದರೆ ಒತ್ತಡ 8.5, ಬಾಗು 12. ಬೀಳುವುದಿಲ್ಲ, ಆದರೆ ನೆಲ ಅದುರುತ್ತದೆ, ಕೆಳಗಿನ ಚಾವಣಿ ಸೀಳುತ್ತದೆ. ಪುಸ್ತಕದ ದಾಸ್ತಾನಿಟ್ಟರೆ ಒತ್ತಡ 12.8, ಬಾಗು 18. ಹಳೆಯ ಮರದ ಗಂಟು, ಸೀಳು ಲೆಕ್ಕಕ್ಕೆ ಹಿಡಿದರೆ ಒತ್ತಡ 10ರ ಆಸುಪಾಸಿನಲ್ಲಿ ನಿಲ್ಲುವುದು ಕ್ಷೇಮ. ಜೊತೆಗೆ ಪುಸ್ತಕದ ಭಾರ ರಾತ್ರಿಯೂ ಇಳಿಯುವುದಿಲ್ಲ. ನಿರಂತರ ಭಾರದಡಿ ಮರ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಜಗ್ಗುತ್ತದೆ.

ಇದೆಲ್ಲ ಮರ ಪೂರ್ತಿ ಆರೋಗ್ಯವಾಗಿದ್ದರೆ. ಎತ್ತರದಲ್ಲಿ 25 ಮಿಲಿಮೀಟರ್ ಗೆದ್ದಲಿಗೋ ಕೊಳೆತಕ್ಕೋ ಹೋಗಿದ್ದರೆ ಅದೇ ತರಗತಿಯ ಭಾರಕ್ಕೆ ಒತ್ತಡ 11ಕ್ಕೆ, ಬಾಗು 18ಕ್ಕೆ ಏರುತ್ತದೆ. ಎಂಟರಲ್ಲಿ ಒಂದು ಪಾಲು ಮರ ಹೋದರೆ ಬಿಗಿತದ ಮೂರನೇ ಒಂದು ಪಾಲು ಹೋದಂತೆ.

ಈಗ ಇನ್ನೊಂದು ಲೆಕ್ಕ. ಉಕ್ಕು ಸೇರಿಸುವ ಬದಲು ತೂಕ ಇಳಿಸಿ. ಹೆಂಚು, ಸುಣ್ಣದ ಕಾಂಕ್ರೀಟು ತೆಗೆದು ಹಲಗೆಯ ಮೇಲೆ 18 ಮಿಲಿಮೀಟರಿನ ಎರಡು ಪದರ ಪ್ಲೈವುಡ್ಡನ್ನು ಅಡ್ಡಡ್ಡ ಜೋಡಿಸಿ, ಅಂಟು ಹಾಕಿ ಸ್ಕ್ರೂ ಬಿಗಿಯುವುದು. ಕೆಳಗೆ ಬೆಂಕಿ ತಡೆಯುವ ಬೋರ್ಡು, ನಡುವೆ ಖನಿಜ ಉಣ್ಣೆ ಸೇರಿಸಿದರೂ ಸ್ವಂತ ತೂಕ 100 ಕಿಲೋ ದಾಟುವುದಿಲ್ಲ. ಆಗ ತರಗತಿಯ 300 ಸೇರಿ 400. ಮನೆಯಾಗಿದ್ದಾಗಿನ 480ಕ್ಕಿಂತ ಕಡಿಮೆ. ಒತ್ತಡ 5.8, ಬಾಗು 8 ಮಿಲಿಮೀಟರ್. ಒಂದು ಕಿಲೋ ಉಕ್ಕಿಲ್ಲದೆ ಅದೇ ಜಂತೆ ತರಗತಿಗೆ ಒಗ್ಗಿತು. ಪ್ಲೈವುಡ್ ಪದರ ಗೋಡೆಗಳನ್ನು ಹಿಡಿದಿಡುವ ತಟ್ಟೆಯಂತೆಯೂ ಕೆಲಸ ಮಾಡುತ್ತದೆ. ಭೂಕಂಪದ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಸದ್ದು. ಸುಣ್ಣದ ದಪ್ಪ ಪದರ ಮೇಲಿನ ಹೆಜ್ಜೆ ಸಪ್ಪಳವನ್ನು ನುಂಗುತ್ತಿತ್ತು, ಅದು ಹೋದರೆ ಖನಿಜ ಉಣ್ಣೆ ಮತ್ತು ಜಂತೆಗೆ ನೇರ ತಾಗದ ತೂಗುಚಾವಣಿ ಇಲ್ಲದೆ ಕೆಳಗಿನ ತರಗತಿಯಲ್ಲಿ ಪಾಠ ಕೇಳಿಸದು. ಖರ್ಚು ಉಳಿಸಲು ಅದನ್ನು ಬಿಟ್ಟವರು ಆಮೇಲೆ ಪರಿತಪಿಸುತ್ತಾರೆ.

ಹಗುರ ಮಾಡಿದ ಮೇಲೂ ಪುಸ್ತಕದ ದಾಸ್ತಾನು ಈ ಜಂತೆಗೆ ಒಗ್ಗುವುದಿಲ್ಲ: ಒತ್ತಡ 10, ಬಾಗು 14 ದಾಟುತ್ತದೆ. ಆದ್ದರಿಂದ ದಾಸ್ತಾನು, ಹಳಿಯ ಮೇಲೆ ಸರಿಯುವ ಕಪಾಟು, ಯುಪಿಎಸ್ ಬ್ಯಾಟರಿ, ಪರೀಕ್ಷಾ ದಾಖಲೆಗಳು, ಭಾರದ ಯಂತ್ರಗಳ ಪ್ರಯೋಗಾಲಯ ಎಲ್ಲ ನೆಲಮಹಡಿಗೆ. ಓದುವ ಕೋಣೆ ಮೇಲಿರಬಹುದು. ಮೇಲಿನ ಮಹಡಿಯಲ್ಲಿ ಒಂದೆರಡು ಕಪಾಟು ಬೇಕೇ ಬೇಕೆಂದರೆ ಜಂತೆಗಳ ತುದಿ ಕೂರುವ ಗೋಡೆಗೆ ಆನಿಸಿ ಇಡಬೇಕು. ಆಗ ಭಾರ ಎಲ್ಲ ಜಂತೆಗಳ ತುದಿಗೆ ಹಂಚಿಹೋಗುತ್ತದೆ. ಜಂತೆಗೆ ಸಮಾನಾಂತರವಾದ ಗೋಡೆಗೆ ಇಟ್ಟರೆ ಇಡೀ ಕಪಾಟು ಒಂದೆರಡು ಜಂತೆಗಳ ಬೆನ್ನ ಮೇಲೆ ಕೂರುತ್ತದೆ. ನೃತ್ಯ, ಯಕ್ಷಗಾನದ ತಾಲೀಮು ಕೂಡ ನೆಲಮಹಡಿಯಲ್ಲೇ. 10 ಮಿಲಿಮೀಟರ್ ಬಾಗುವ ನೆಲದ ಸಹಜ ಕಂಪನ ಸೆಕೆಂಡಿಗೆ ಆರರ ಹತ್ತಿರ. ಮೂವತ್ತು ಮಂದಿ ಒಂದೇ ತಾಳಕ್ಕೆ ಸೆಕೆಂಡಿಗೆ ಎರಡೂವರೆ-ಮೂರು ಸಲ ಕುಣಿದರೆ ಆ ಲಯದ ಇಮ್ಮಡಿ ನೆಲದ ಕಂಪನಕ್ಕೆ ಕೂಡಿಬರುತ್ತದೆ.

ಪರೀಕ್ಷೆ ಎಲ್ಲಿ ಮಾಡಬೇಕು

ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಮುಂಬಯಿ ಮಹಾನಗರಪಾಲಿಕೆ ಕಾಯಿದೆಯ 353ಬಿ ಕಲಮಿನಡಿ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಆ ವರದಿ ಕಟ್ಟಡವನ್ನು ಸಿ1 ಎಂದರೆ ಕೆಡವಬೇಕಾದ್ದು, ಸಿ2 ಎಂದರೆ ರಿಪೇರಿ ಬೇಕಾದ್ದು, ಸಿ3 ಎಂದರೆ ಸಣ್ಣ ರಿಪೇರಿ ಎಂದು ವರ್ಗ ಮಾಡುತ್ತದೆ. ಕಾಲೇಜಿಗೆ ಅದೊಂದೇ ಸಾಲದು. ಆರ್‌ಸಿಸಿ ಕಟ್ಟಡಕ್ಕೆ ಒಗ್ಗಿದ ಕೈಗಳು ಕಲ್ಲುಗೋಡೆಯ ಮೇಲೂ ರೀಬೌಂಡ್ ಹ್ಯಾಮರ್ (ಬಡಿದಾಗಿನ ಪುಟಿತ ಅಳೆಯುವ ಸುತ್ತಿಗೆ) ಬಡಿದು ಅಂಕಿ ಬರೆದುಕೊಡುವುದುಂಟು. ಆ ಉಪಕರಣ ಕಾಂಕ್ರೀಟಿಗಾಗಿ ಇರುವುದು. ಕಲ್ಲಿನ ಮೇಲೆ ಬಡಿದರೆ ಕಲ್ಲಿನ ಗಡಸು ತೋರುತ್ತದೆ, ಗೋಡೆಯ ಬಲವನ್ನಲ್ಲ. ಗೋಡೆಯ ಬಲ ಇರುವುದು ಗಾರೆಯಲ್ಲಿ, ಒಳ-ಹೊರ ಪದರಗಳ ಬೆಸುಗೆಯಲ್ಲಿ. ಅದಕ್ಕೆ ಫ್ಲ್ಯಾಟ್ ಜ್ಯಾಕ್ ಪರೀಕ್ಷೆ ಇದೆ: ಗಾರೆಯ ಸಂದಿಯನ್ನು ಸೀಳಿ, ತೆಳುವಾದ ಉಕ್ಕಿನ ಚೀಲ ತೂರಿಸಿ, ಎಣ್ಣೆಯ ಒತ್ತಡದಿಂದ ಸಂದಿಯನ್ನು ಮೊದಲಿನ ಅಳತೆಗೆ ತರುವುದು. ಎಷ್ಟು ಒತ್ತಡ ಬೇಕಾಯಿತೋ ಅದೇ ಗೋಡೆ ಈಗ ಹೊತ್ತಿರುವ ಒತ್ತಡ.

ಮರದ ವಿಷಯದಲ್ಲಿ ನೋಡಬೇಕಾದ್ದು ಕಣ್ಣಿಗೆ ಕಾಣುವ ನಡುಭಾಗವನ್ನಲ್ಲ, ಗೋಡೆಯೊಳಗೆ ಹೂತಿರುವ ತುದಿಯನ್ನು. ಹೊರಗೋಡೆಗೆ ಮಳೆಗಾಲವಿಡೀ ನೀರು ಬಡಿಯುತ್ತದೆ. ಗೋಡೆಯೊಳಗಿನ ಗೂಡಿಗೆ ಗಾಳಿಯಾಡುವುದಿಲ್ಲ. ತುದಿ ಒಳಗಿಂದೊಳಗೆ ಪುಡಿಯಾಗಿ ಹೋದರೂ ಕೆಳಗೆ ನಿಂತವರಿಗೆ ಬಣ್ಣ ಹಚ್ಚಿದ ಗಟ್ಟಿ ಜಂತೆಯೇ ಕಾಣುತ್ತದೆ. ತೇವಮಾಪಕದಲ್ಲಿ 20 ಶೇಕಡಕ್ಕಿಂತ ಹೆಚ್ಚು ತೋರಿದ ತುದಿಯೆಲ್ಲ ಸಂಶಯಾಸ್ಪದ. ಗೋಡೆಗೆ ತಾಗುವಲ್ಲಿ ಓರೆಯಾಗಿ ಸಣ್ಣ ಸೂಜಿ ಕೊರೆದು ನೋಡುವ ರೆಸಿಸ್ಟೋಗ್ರಾಫ್ ಇದೆ; ಸೂಜಿಗೆ ಸಿಗುವ ತಡೆ ಕಾಗದದ ಮೇಲೆ ಗೆರೆಯಾಗಿ ಮೂಡುತ್ತದೆ, ಗೆರೆ ಥಟ್ಟನೆ ಬಿದ್ದಲ್ಲಿ ಮರ ಟೊಳ್ಳು. ಮಹಡಿಗೆ ಹತ್ತರಲ್ಲಿ ಒಂದು ನೋಡಿ ಸರಾಸರಿ ಬರೆಯುವುದು ಇಲ್ಲಿ ನಡೆಯದು. ಹೊರಗೋಡೆಯ, ಮೋರಿಯ, ಸೋರುವ ಕೊಳವೆಯ ಪಕ್ಕದ ಪ್ರತಿ ತುದಿಯನ್ನೂ ನೋಡಲೇಬೇಕು.

ನೆಲಮಹಡಿಯಲ್ಲಿ ಹಿಂದೆ ಹೋಟೆಲು ನಡೆದಿದ್ದರೆ, ಫೋರ್ಟಿನಲ್ಲಿ ಹಾಗಿರುವುದೇ ಹೆಚ್ಚು, ಅಡಿಗೆಮನೆಯ ಮೇಲಿನ ಜಂತೆಗಳನ್ನು ಬೇರೆಯಾಗಿಯೇ ನೋಡಬೇಕು. ದಶಕಗಳ ಇಡ್ಲಿ ಹಬೆ, ಎಣ್ಣೆಯ ಹೊಗೆ, ತೊಳೆಯುವ ಜಾಗವಾದ ನಹಾನಿಯಿಂದ ಜಿನುಗಿದ ನೀರು ಎಲ್ಲ ಸೇರಿ ಮರದ ಮೇಲೆ ದಪ್ಪ ಜಿಡ್ಡಿನ ಪದರ ಕಟ್ಟಿರುತ್ತದೆ. ಅದು ಒಳಗಿನ ಕೊಳೆತವನ್ನು ಮುಚ್ಚುತ್ತದೆ, ಬೆಂಕಿಗೆ ಎಣ್ಣೆಯೂ ಆಗುತ್ತದೆ.

ತುದಿ ಹೋಗಿದೆ ಎಂದು ಗೊತ್ತಾದರೆ ಇಡೀ ಜಂತೆ ಬದಲಿಸಬೇಕಿಲ್ಲ. ಮೊದಲು ಕೆಳಗೆ ಆಸರೆ ಕೊಟ್ಟು ಭಾರ ಇಳಿಸಿಕೊಳ್ಳುವುದು. ಆಸರೆ ನೆಲಮಹಡಿಯವರೆಗೂ ಒಂದರ ಕೆಳಗೊಂದು ಸಾಲಾಗಿ ಇಳಿಯಬೇಕು, ಇಲ್ಲವಾದರೆ ಕೆಳಗಿನ ಮಹಡಿಯ ಜಂತೆ ಎರಡು ಮಹಡಿಯ ಭಾರ ಹೊರುತ್ತದೆ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಇನ್ನೊಂದು 300 ಮಿಲಿಮೀಟರ್ ಹೆಚ್ಚಿಗೆ ತೆಗೆದು, ಎರಡೂ ಪಕ್ಕಕ್ಕೆ ಉಕ್ಕಿನ ಚಾನೆಲ್ ಇಟ್ಟು ಬೋಲ್ಟು ಬಿಗಿಯುವುದು. ಚಾನೆಲ್ ಗಟ್ಟಿ ಮರದ ಮೇಲೆ ಕನಿಷ್ಠ ಒಂದು ಮೀಟರ್ ಹಾಯಬೇಕು. ಗೋಡೆಯ ಗೂಡಿನಲ್ಲಿ ತುದಿಯ ಸುತ್ತ 20-25 ಮಿಲಿಮೀಟರ್ ಗಾಳಿಯ ಜಾಗ ಬಿಡಬೇಕು. ಗೂಡನ್ನು ಸಿಮೆಂಟಿನಿಂದ ಗಿಡಿದು ಮುಚ್ಚಿದರೆ ಹೊಸ ತುದಿಗೂ ಹಳೆಯದರ ಗತಿಯೇ. ಕಡಲ ಗಾಳಿಯ ಈ ಊರಿನಲ್ಲಿ ಗೋಡೆಯೊಳಗೆ ಹೋಗುವ ಲೋಹವೆಲ್ಲ 316 ದರ್ಜೆಯ ಸ್ಟೇನ್‌ಲೆಸ್ ಆಗಿರಬೇಕು. 304 ಇಲ್ಲಿ ಚುಕ್ಕೆ ತುಕ್ಕು ಹಿಡಿಯುತ್ತದೆ.

ಕಮಾನು ನೆಲದಲ್ಲಿ ತೂತು ಕೊರೆಯುವ ಮುನ್ನ

ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಕಟ್ಟಿದ ಕಚೇರಿ, ಗೋದಾಮುಗಳಲ್ಲಿ ಇನ್ನೊಂದು ಬಗೆಯ ನೆಲ ಸಿಗುತ್ತದೆ: ಮೀಟರು, ಮೀಟರೂಕಾಲು ಅಂತರದಲ್ಲಿ ಉಕ್ಕಿನ ತೊಲೆಗಳು, ಅವುಗಳ ನಡುವೆ ಇಟ್ಟಿಗೆಯ ತಗ್ಗು ಕಮಾನು. ಜ್ಯಾಕ್ ಆರ್ಚ್ ಎನ್ನುವುದು ಇದನ್ನೇ. ಮರದ ನೆಲಕ್ಕಿಂತ ಬಲ, ಬೆಂಕಿಯನ್ನೂ ಅದಕ್ಕಿಂತ ಹೆಚ್ಚು ತಾಳುತ್ತದೆ. ಅದೇ ಕಾರಣಕ್ಕೆ ಎಲ್ಲರೂ ಇದನ್ನು ಸಲೀಸಾಗಿ ತೆಗೆದುಕೊಳ್ಳುತ್ತಾರೆ. ಅಪಾಯ ಇರುವುದೂ ಅಲ್ಲೇ.

ಕಮಾನು ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ಒದೆಯುತ್ತದೆ. 1.2 ಮೀಟರ್ ಅಗಲ, 120 ಮಿಲಿಮೀಟರ್ ಏರು, ಒಟ್ಟು ಭಾರ ಚದರ ಮೀಟರಿಗೆ 750 ಕಿಲೋ ಎಂದಿಟ್ಟುಕೊಂಡರೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 1.1 ಟನ್ ಪಕ್ಕದೊತ್ತು. ಪಕ್ಕದ ಅಂಕಣದ (ಎರಡು ತೊಲೆಗಳ ನಡುವಿನ ಜಾಗದ) ಕಮಾನೂ ಅಷ್ಟೇ ಒದೆಯುವುದರಿಂದ ನಡುವಿನ ತೊಲೆ ನೆಟ್ಟಗೆ ನಿಂತಿರುತ್ತದೆ. ಶೌಚಾಲಯದ ಕೊಳವೆಗೋ ಹೊಸ ಮೆಟ್ಟಿಲಿಗೋ ಎಂದು ಒಂದು ಅಂಕಣದ ಇಟ್ಟಿಗೆ ಬಿಡಿಸಿದರೆ ಒಂದು ಕಡೆಯ ಒದೆತ ಮಾಯ. ಉಕ್ಕಿನ ತೊಲೆ ಪಕ್ಕಕ್ಕೆ ಬಾಗಲು ಬಹಳ ಬಲಹೀನ, ಅದು ತೆರೆದ ಅಂಕಣದ ಕಡೆಗೆ ವಾಲುತ್ತದೆ, ಪಕ್ಕದ ಕಮಾನು ಚಪ್ಪಟೆಯಾಗಿ ಬೀಳುತ್ತದೆ, ಅದರಾಚೆಯದು ಅದರ ಹಿಂದೆ. ಒಂದು ಅಂಕಣ ಬಿಡಿಸಿದ್ದಕ್ಕೆ ಸಾಲು ಸಾಲೇ ಇಳಿಯಬಹುದು.

ಆದ್ದರಿಂದ ಇಟ್ಟಿಗೆ ಮುಟ್ಟುವ ಮೊದಲು ತೆರೆಯಬೇಕಾದ ಅಂಕಣದ ಎರಡೂ ಕಡೆ ಕನಿಷ್ಠ ಎರಡೆರಡು ಅಂಕಣಕ್ಕೆ ಕೆಳಗಿನಿಂದ ಆಸರೆ. ತೆರೆಯುವ ಅಂಕಣದ ಎರಡು ತೊಲೆಗಳ ನಡುವೆ ಮೀಟರಿಗೊಂದರಂತೆ ಉಕ್ಕಿನ ಅಡ್ಡಗಂಬಿ. ಇದು ಒಂದು ಪಕ್ಕದ ಒದೆತವನ್ನು ಇನ್ನೊಂದು ಪಕ್ಕಕ್ಕೆ ಮುಟ್ಟಿಸಿ ಸರಿದೂಗಿಸುತ್ತದೆ, ಹಾಗಾಗಿ ಶಾಶ್ವತವಾಗಿ ಉಳಿಯಬೇಕು. ಕೊಳವೆ ಹಾಯಬೇಕಾದ್ದು ಆ ಕಂಬಿಗಳ ನಡುವಿನ ಜಾಗದಲ್ಲಿ. ಗೋಡೆಯ ಪಕ್ಕದ ಕೊನೆಯ ಅಂಕಣದಲ್ಲಿ ಗೋಡೆಯನ್ನು ಹೊರಕ್ಕೆ ತಳ್ಳದಂತೆ ಎಳೆಗಂಬಿ ಇದೆಯೇ, ತುಕ್ಕು ತಿಂದಿದೆಯೇ ನೋಡಬೇಕು. ಹಳೆಯ ಉಕ್ಕಿಗೆ ವೆಲ್ಡಿಂಗ್ ಮಾಡುವ ಮೊದಲು ಒಂದು ತುಣುಕು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಗಂಧಕ, ರಂಜಕ ಹೆಚ್ಚಿರುವ ಆ ಕಾಲದ ಉಕ್ಕು ಬೆಸುಗೆಯ ಪಕ್ಕದಲ್ಲೇ ಸೀಳಬಹುದು. ಬೋಲ್ಟು, ಕ್ಲ್ಯಾಂಪು ಕ್ಷೇಮ. ಎರಕದ ಕಬ್ಬಿಣದ ಕಂಬಕ್ಕಂತೂ ವೆಲ್ಡಿಂಗ್ ಮಾತೇ ಬೇಡ. ಅವು ಸಾಮಾನ್ಯವಾಗಿ ಒಳಗೆ ಪೊಳ್ಳು. ಎರಕ ಹೊಯ್ಯುವಾಗ ಒಳಗಿನ ಅಚ್ಚು ಸರಿದಿದ್ದರೆ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು. ಸುತ್ತ ಮೂರು ಕಡೆ ದಪ್ಪ ಅಳೆದು, ಅತಿ ತೆಳುವಾದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯುವುದು ಸರಿ.

ಸಿಮೆಂಟು ಎಂಬ ಶತ್ರು

ಈ ಕಟ್ಟಡಗಳ ಕಲ್ಲು ಸುಣ್ಣದ ಗಾರೆಯಲ್ಲಿ ಕೂತಿದೆ. ಮಲಾಡ್ ಕಲ್ಲಾಗಲಿ, ಕುರ್ಲಾ ಕಲ್ಲಾಗಲಿ, ಮೆತ್ತನೆಯ ಪೋರಬಂದರ್ ಸುಣ್ಣಗಲ್ಲಾಗಲಿ, ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ಗಾರೆಯ ಸಂದಿಗಳ ಮೂಲಕ ಆರುತ್ತದೆ. ಸಂದಿಗೆ ಸಿಮೆಂಟು ತುಂಬಿದರೆ ಆ ದಾರಿ ಮುಚ್ಚಿ ನೀರು ಕಲ್ಲಿನ ಮುಖದಿಂದಲೇ ಹೊರಡಬೇಕಾಗುತ್ತದೆ. ಜೊತೆಗೆ ಬಂದ ಉಪ್ಪು ಮುಖದ ಹಿಂದೆ ಹರಳುಗಟ್ಟಿ ಕಲ್ಲನ್ನು ಪದರಪದರವಾಗಿ ಉದುರಿಸುತ್ತದೆ. ಸಂದಿ ಗಟ್ಟಿಯಾಗಿ ಉಳಿದು ಕಲ್ಲೇ ಸವೆದು ಒಳಗೆ ಹೋಗಿರುವ ಗೋಡೆಗಳನ್ನು ಫೋರ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಗೋಡೆಯ ಇಬ್ಬದಿಗೂ ಜಾಲರಿ ಬಿಗಿದು ಸಿಮೆಂಟು ಗನೈಟಿಂಗ್ ಮಾಡುವುದು, ಅಂದರೆ ಗಾರೆಯನ್ನು ರಭಸದಿಂದ ಎರಚುವುದು, ಕಾಗದದ ಮೇಲೆ ಬಲ ಕೊಡುತ್ತದೆ, ಒಳಗಿನ ಜಂತೆಯ ತುದಿಗಳನ್ನು ಮಾತ್ರ ಒದ್ದೆ ಗೂಡಿನಲ್ಲಿ ಕೂಡಿಹಾಕುತ್ತದೆ.

ಸರಿಯಾದ ಕ್ರಮ ನಿಧಾನದ್ದು. ಹಳೆಯ ಸಿಮೆಂಟು ಸಂದಿಯನ್ನು ಉಳಿಯಿಂದ 20-25 ಮಿಲಿಮೀಟರ್ ಆಳಕ್ಕೆ ಕೆತ್ತುವುದು. ಗ್ರೈಂಡರ್ ಹಚ್ಚಿದರೆ ಕಲ್ಲಿನ ಅಂಚು ಹೋಗುತ್ತದೆ. ನೀರಿನಲ್ಲಿ ಗಟ್ಟಿಯಾಗುವ ಜಾತಿಯ ಸುಣ್ಣ ಒಂದು ಪಾಲಿಗೆ ಎರಡೂವರೆ-ಮೂರು ಪಾಲು ಮರಳು ಬೆರೆಸಿ ತುಂಬಿ, ಗೋಣಿ ಕಟ್ಟಿ ಎರಡು ಮೂರು ವಾರ ತೇವ ಆರದಂತೆ ನೋಡಿಕೊಳ್ಳುವುದು. ಹೊರಗೆ ಕೆತ್ತಿದ ಕಲ್ಲು, ಒಳಗೆ ಚೂರುಗಲ್ಲು ತುಂಬಿದ ಗೋಡೆ ಉಬ್ಬಿದ್ದರೆ ಅರ್ಧ ಮೀಟರಿಗೊಂದು ರಂಧ್ರ ಕೊರೆದು, ಸುಣ್ಣದ ಗ್ರೌಟನ್ನು (ಹರಿಯುವಷ್ಟು ತೆಳುವಾದ ಗಾರೆಯನ್ನು) ಕೆಳಗಿನಿಂದ ಮೇಲಕ್ಕೆ, ಒಂದು ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ ತುಂಬಬೇಕು. ಒತ್ತಡ ಹೆಚ್ಚಿಸಿದರೆ ಗ್ರೌಟೇ ಉಬ್ಬಿದ ಪದರವನ್ನು ಹೊರಕ್ಕೆ ನೂಕುತ್ತದೆ.

ಕಾಲೇಜು ಎಂದೊಡನೆ ಏರುವ ಭೂಕಂಪದ ಲೆಕ್ಕ

ಭೂಕಂಪಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ಮುಂಬಯಿ ಮೂರನೇ ಭೂಕಂಪ ವಲಯ. 1967ರ ಕೊಯ್ನಾ ಭೂಕಂಪ ಇಲ್ಲಿಯವರೆಗೂ ತಟ್ಟಿತ್ತು. ಆ ಮಾನಕ ಸಾಮಾನ್ಯ ಕಟ್ಟಡಕ್ಕೆ ಮಹತ್ವದ ಗುಣಕ 1.0 ಎಂದರೆ ಶಾಲೆಗಳಂಥ ಕಟ್ಟಡಕ್ಕೆ 1.5 ಎನ್ನುತ್ತದೆ. ಉಕ್ಕಿನ ಸರಳಿಲ್ಲದ ಕಲ್ಲುಗೋಡೆಯ ಗಿಡ್ಡ ಕಟ್ಟಡಕ್ಕೆ ಲೆಕ್ಕ ಹಾಕಿದರೆ, ಕಚೇರಿಯಾಗಿದ್ದಾಗ ಕಟ್ಟಡದ ತೂಕದ 13 ಶೇಕಡ ಇದ್ದ ಅಡ್ಡಬಲ, ಕಾಲೇಜಾದ ಕ್ಷಣ 20 ಶೇಕಡ ಆಗುತ್ತದೆ. ಗೋಡೆ ಅದೇ, ನೆಲ ಅದೇ, ಬೋರ್ಡು ಬದಲಾಯಿತು ಅಷ್ಟೆ.

ಕಲ್ಲುಗೋಡೆ ತನ್ನ ಉದ್ದಕ್ಕೆ ಬರುವ ಬಲವನ್ನು ತಾಳುತ್ತದೆ, ಮುಖಕ್ಕೆ ಬಂದರೆ ಮಗುಚುತ್ತದೆ. ಜಂತೆಗಳು ಗೋಡೆಯ ಮೇಲೆ ಬರೀ ಕೂತಿರುತ್ತವೆ, ಗೋಡೆಯನ್ನು ಹಿಡಿದಿರುವುದಿಲ್ಲ. ಆದ್ದರಿಂದ ಪ್ರತಿ ಮಹಡಿಯ ಮಟ್ಟದಲ್ಲೂ ಒಂದರಿಂದ ಒಂದೂವರೆ ಮೀಟರಿಗೆ ಒಂದರಂತೆ 16-20 ಮಿಲಿಮೀಟರಿನ ಸ್ಟೇನ್‌ಲೆಸ್ ಕಂಬಿ ಗೋಡೆಯ ಮೂಲಕ ಹಾಯಿಸಿ, ಹೊರಗೆ ತಟ್ಟೆ ಇಟ್ಟು, ಒಳಗೆ ಜಂತೆಗೂ ಪ್ಲೈವುಡ್ ಪದರಕ್ಕೂ ಬಿಗಿಯಬೇಕು. ಜಂತೆಗೆ ಸಮಾನಾಂತರವಾದ ಗೋಡೆಗಳನ್ನು ಮರೆಯುವವರೇ ಹೆಚ್ಚು; ಅಲ್ಲಿ ಕಂಬಿ ಕನಿಷ್ಠ ಮೂರು ಜಂತೆಗಳನ್ನು ದಾಟಿ ಹಿಡಿಯಬೇಕು, ಜಂತೆಗಳ ನಡುವೆ ಅಡ್ಡತುಂಡು ಹೊಡೆಯಬೇಕು. ತಾರಸಿಯ ಕೈಪಿಡಿಗೋಡೆ, ಕಲ್ಲಿನ ಕಳಶ, ಬಿಡಿಯಾಗಿ ನಿಂತ ತ್ರಿಕೋನ ಮುಖಗಳೇ ಮೊದಲು ಬೀಳುವುವು, ಅವುಗಳ ಕೆಳಗೇ ಕಾಲೇಜಿನ ಬಾಗಿಲು.

ಬೆಂಕಿ, ಮೆಟ್ಟಿಲು, ನೀರಿನ ಟ್ಯಾಂಕು

ಗಟ್ಟಿ ಜಾತಿಯ ಮರ ಬೆಂಕಿಯಲ್ಲಿ ನಿಮಿಷಕ್ಕೆ ಸುಮಾರು 0.55 ಮಿಲಿಮೀಟರ್ ಕರಿಯಾಗುತ್ತದೆ. ಒಂದು ಗಂಟೆಗೆ 33. ದೊಡ್ಡ ತೊಲೆ 250 ಅಗಲವಿದ್ದರೆ ಇಬ್ಬದಿ ಸುಟ್ಟರೂ 184 ಉಳಿಯುತ್ತದೆ. ನಮ್ಮ 75ರ ಜಂತೆಯಲ್ಲಿ ಉಳಿಯುವುದು 9. ಅಂದರೆ ತೊಲೆಯನ್ನು ಅಂದಕ್ಕಾಗಿ ತೆರೆದಿಡಬಹುದು, ಜಂತೆಗೆ ಬೋರ್ಡು ಹೊದಿಸಲೇಬೇಕು. ಜಂತೆಗಳೂ ಕಾಣಲಿ ಎಂಬ ಆಸೆ ಒಳಾಂಗಣದವರಿಗೆ ಇರುತ್ತದೆ. ಕಾಲೇಜಿನಲ್ಲಿ ಅದಕ್ಕೆ ಒಪ್ಪಬಾರದು.

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಶಿಕ್ಷಣ ಸಂಸ್ಥೆಯ ಮೆಟ್ಟಿಲು ಕನಿಷ್ಠ 1.5 ಮೀಟರ್ ಅಗಲ, ಒಬ್ಬರಿಗೆ 10 ಮಿಲಿಮೀಟರ್ ಅಗಲದ ಲೆಕ್ಕ, ತಲಾ 4 ಚದರ ಮೀಟರ್ ಜಾಗ. 1,200 ಚದರ ಮೀಟರಿನ ಮಹಡಿಗೆ 300 ಮಂದಿ, ಅಂದರೆ ಒಂದೂವರೆ ಮೀಟರಿನ ಎರಡು ಮೆಟ್ಟಿಲು. ಕಟ್ಟಡದ ಚೆಲುವಾದ ಮರದ ಮೆಟ್ಟಿಲನ್ನು ಈ ಎರಡರಲ್ಲಿ ಒಂದೆಂದು ಎಣಿಸುವುದು ಅಪಾಯ. ಬೆಂಕಿ ಮೊದಲು ಏರುವುದೇ ಅದರೊಳಗಿಂದ. ಹಿಂಭಾಗದ ಅಂಗಳದಲ್ಲಿ ಸ್ವಂತ ಕಾಲಿನ ಮೇಲೆ ನಿಲ್ಲುವ ಹೊಸ ಉಕ್ಕಿನ ಅಥವಾ ಆರ್‌ಸಿಸಿ ಗೋಪುರ ಕಟ್ಟಿ, ಹಳೆಯ ಗೋಡೆಯಿಂದ 50 ಮಿಲಿಮೀಟರ್ ಬಿಟ್ಟು, ಮೆಟ್ಟಿಲು, ಲಿಫ್ಟು, ಶೌಚಾಲಯ, ನೀರಿನ ಟ್ಯಾಂಕು ಎಲ್ಲವನ್ನೂ ಅದಕ್ಕೇ ಸೇರಿಸುವುದು ಅತಿ ಒಳ್ಳೆಯ ಪರಿಹಾರ. ನೀರು ಜಿನುಗುವ ಪ್ರತಿ ಕೊಳವೆಯೂ ಹಳೆಯ ಮರದಿಂದ ದೂರವಾಗುತ್ತದೆ. 25,000 ಲೀಟರಿನ ಟ್ಯಾಂಕನ್ನು ಹಳೆಯ ತಾರಸಿಯ 20 ಚದರ ಮೀಟರಿನಲ್ಲಿ ಇಟ್ಟರೆ ನೀರೊಂದೇ ಚದರ ಮೀಟರಿಗೆ 1,250 ಕಿಲೋ. ಜಂತೆಯ ಲೆಕ್ಕ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಮೇಲಿನ ಮಹಡಿಗಳಲ್ಲಿ ರಸ್ತೆ ಕಡೆಯ ಮರದ ಜಗಲಿಗಳನ್ನು (ಬಾಲ್ಕನಿ) ತರಗತಿಗೆ ತೆರೆಯಲೇಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ, ಅವನ್ನು ಚದರ ಮೀಟರಿಗೆ 400 ಕಿಲೋಗೂ ಅಂಚಿನ ಕಂಬಿಯ ಮೇಲಿನ ಅಡ್ಡ ಒತ್ತಿಗೂ ಪೂರ್ತಿ ಬಲಪಡಿಸುವವರೆಗೆ. ಕೆಳಗೆ ಮೆರವಣಿಗೆ ಹೋದರೆ ಇಡೀ ತರಗತಿ ಅಂಚಿಗೆ ಬಂದು ನಿಲ್ಲುತ್ತದೆ.

ಬುನಾದಿ: ಭಾರಕ್ಕಿಂತ ಅಗೆತ ಅಪಾಯ

ಕಾಲೇಜು ಬಂದರೆ ಬುನಾದಿ ತಾಳೀತೇ ಎಂಬ ಹೆದರಿಕೆ ಹೆಚ್ಚಿನವರಿಗಿದೆ. 600 ಮಿಲಿಮೀಟರ್ ದಪ್ಪ, 12 ಮೀಟರ್ ಎತ್ತರದ ಕಲ್ಲುಗೋಡೆಯ ತೂಕವೇ ಮೀಟರಿಗೆ 17 ಟನ್. ಮೂರು ಮಹಡಿಗಳಲ್ಲಿ ಬಳಕೆಯ ಭಾರ ಚದರ ಮೀಟರಿಗೆ 100 ಕಿಲೋ ಏರಿದರೂ ಆ ಗೋಡೆಗೆ ಸೇರುವುದು ಮೀಟರಿಗೆ ಒಂದು ಟನ್ನಿಗೂ ಕಡಿಮೆ. ಬುನಾದಿ ಹದಗೆಡುವುದು ಪಕ್ಕದಲ್ಲಿ ಗುಂಡಿ ತೋಡಿದಾಗ. ಬಲ್ಲಾರ್ಡ್ ಎಸ್ಟೇಟು ಅಲೆಕ್ಸಾಂಡ್ರಾ ಡಾಕ್ ಅಗೆದ ಮಣ್ಣು ಸುರಿದು ಕಡಲಿನಿಂದ ಪಡೆದ ನೆಲ. ಅಲ್ಲಿ ಒಂದೂವರೆ ಮೀಟರಿನ ಲಿಫ್ಟ್ ಗುಂಡಿಗೇ ಉಬ್ಬರದ ನೀರು ಬರಬಹುದು. ಆ ನೀರನ್ನು ಪಂಪು ಹಾಕಿ ಹೊರಗೆಳೆದರೆ ಜೊತೆಗೆ ಗೋಡೆಯಡಿಯ ಸಣ್ಣ ಮಣ್ಣೂ ಬರುತ್ತದೆ, ವಾರದೊಳಗೆ ಕಿಟಕಿಯ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ಗುಂಡಿಯನ್ನು ಗೋಡೆಯಿಂದ ದೂರವಿಡುವುದು, ಸಾಧ್ಯವಿಲ್ಲದಿದ್ದರೆ ಗೋಡೆಯಡಿಯನ್ನು ಒಂದೊಂದು ಮೀಟರಿನ ತುಂಡುಗಳಲ್ಲಿ, ಒಂದು ಬಿಟ್ಟು ಒಂದರಂತೆ ತೋಡಿ ಕಾಂಕ್ರೀಟು ತುಂಬಿ ಆಳಕ್ಕಿಳಿಸುವುದು. ಹಿಂದಿನ ತುಂಡು ಗಟ್ಟಿಯಾಗುವ ಮುನ್ನ ಪಕ್ಕದ್ದನ್ನು ತೋಡಬಾರದು.

ಜೂನ್ ತಿಂಗಳ ಅವಸರ

ಕೆಲಸ ಕೆಡುವುದಕ್ಕೆ ಎಂಜಿನಿಯರಿಂಗಿಗಿಂತ ದೊಡ್ಡ ಕಾರಣ ಕ್ಯಾಲೆಂಡರು. ಕಾಲೇಜು ತೆರೆಯುವುದು ಜೂನ್-ಜುಲೈ, ಮಳೆ ಹಿಡಿಯುವುದೂ ಆಗಲೇ. ಪ್ರವೇಶ ಶುರುವಾಗುವುದರೊಳಗೆ ಮುಗಿಸಬೇಕೆಂಬ ಒತ್ತಡದಲ್ಲಿ ಸುಣ್ಣಕ್ಕೆ ಬೇಕಾದ ಮೂರು ವಾರ ಯಾರ ಬಳಿಯೂ ಇರುವುದಿಲ್ಲ, ಮೇ ತಿಂಗಳಲ್ಲಿ ಸದ್ದಿಲ್ಲದೆ ಸಿಮೆಂಟು ಬರುತ್ತದೆ. ಇದನ್ನು ತಪ್ಪಿಸಲು ಒಂದೇ ದಾರಿ, ಎರಡು ಬೇಸಿಗೆಯ ಯೋಜನೆ. ಮೊದಲ ಅಕ್ಟೋಬರಿನಿಂದ ಮೇವರೆಗೆ ಮಾಡು, ತಾರಸಿ, ದೋಣಿ (ಮಾಡಿನಂಚಿನ ನೀರಿನ ಕಾಲುವೆ), ಮಳೆನೀರ ಕೊಳವೆ, ಹೊರಗೋಡೆ. ಮಂಗಳೂರು ಹೆಂಚಿನ ಮಾಡಾದರೆ ರೀಪು, ಪಕಾಸಿ ಬದಲಿಸಿ ಹೆಂಚು ಮರುಹೊದಿಕೆ. ತಾರಸಿಯಾದರೆ ಒಂದರ ಮೇಲೊಂದು ಸುರಿದ ಇಟ್ಟಿಗೆ ಚೂರಿನ ಕೋಬಾ ಪದರಗಳನ್ನು ತೆಗೆಯುವುದು, ಕೆಲವು ಕಡೆ ಅವೇ ಚದರ ಮೀಟರಿಗೆ 200-300 ಕಿಲೋ ಇರುತ್ತವೆ. ನಡುವಿನ ಮಳೆಗಾಲದಲ್ಲಿ ಎಲ್ಲಿ ಸೋರುತ್ತದೆ, ಬಿರುಕಿಗೆ ಅಂಟಿಸಿದ ಗಾಜಿನ ಪಟ್ಟಿ ಎಲ್ಲಿ ಒಡೆಯುತ್ತದೆ ನೋಡುವುದು. ಎರಡನೇ ಬೇಸಿಗೆಯಲ್ಲಿ ಒಳಗಿನ ನೆಲ, ಕಂಬಿ, ಚಾವಣಿ.

ಅನುಮತಿಗೂ ಸಮಯ ಬೇಕು. ಪಾರಂಪರಿಕ ಪಟ್ಟಿಯ ಕಟ್ಟಡವಾದರೆ ನಗರದ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯಾದ ಡಿಸಿಪಿಆರ್ 2034ರ 52ನೇ ನಿಯಮದಡಿ ಮುಂಬಯಿ ಪಾರಂಪರಿಕ ಸಂರಕ್ಷಣಾ ಸಮಿತಿಯ ಮುಂದೆ ಹೋಗಬೇಕು. ಮೊದಲ ದರ್ಜೆಯಲ್ಲಿ ಒಳ-ಹೊರಗೆ ಬಲಪಡಿಸುವುದಕ್ಕಷ್ಟೇ ಅವಕಾಶ, ಎರಡನೆಯದರಲ್ಲಿ ಕಟ್ಟುನಿಟ್ಟಿನ ಪರಿಶೀಲನೆಯೊಂದಿಗೆ ಒಳಗಿನ ಬದಲಾವಣೆ, ಮೂರನೆಯದರಲ್ಲಿ ಇನ್ನಷ್ಟು ಸಡಿಲ. ಯಾವ ದರ್ಜೆ ಎಂದು ಕಟ್ಟಡಕ್ಕೆ ಮುಂಗಡ ಕೊಡುವ ಮೊದಲು ನೋಡಬೇಕು.

ಗುತ್ತಿಗೆಯಲ್ಲಿ ಒಟ್ಟು ಮೊತ್ತದ ಒಪ್ಪಂದ ಬೇಡ, ಐಟಂ ದರ ಇರಲಿ. ಗಿಲಾವು ಕಿತ್ತಾಗ ಕಾಣುವ ಕೊಳೆತ ತುದಿಗಳ ಸಂಖ್ಯೆ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಒಟ್ಟು ಮೊತ್ತಕ್ಕೆ ಒಪ್ಪಿದ ಗುತ್ತಿಗೆದಾರನಿಗೆ ಅವನ್ನು ಮುಚ್ಚಿಹಾಕುವುದರಲ್ಲೇ ಲಾಭ. ಪ್ರತಿ ತುದಿಗೂ ನಂಬರು ಬರೆದು, ರಿಪೇರಿಯ ಮೊದಲಿನ ಮತ್ತು ನಂತರದ ಫೋಟೋ ಇದ್ದರೆ ಮಾತ್ರ ಬಿಲ್ಲು ಪಾಸಾಗುವಂತೆ ಷರತ್ತು ಹಾಕಬೇಕು.

ಕಾಲೇಜು ತೆರೆದ ಮೇಲೂ ಒಂದು ಅಪಾಯ ಉಳಿಯುತ್ತದೆ. ಐದಾರು ವರ್ಷದಲ್ಲಿ ಪ್ರಿನ್ಸಿಪಾಲರು ಬದಲಾಗುತ್ತಾರೆ, ಹೊಸ ಕೋರ್ಸು ಬರುತ್ತದೆ, ಲೈಬ್ರರಿಯನ್ನು ಮೇಲಕ್ಕೆ ಸಾಗಿಸುವ ಮಾತು ಏಳುತ್ತದೆ. ಆಗ ಎಂಜಿನಿಯರ್ ಯಾರೆಂದೇ ಯಾರಿಗೂ ನೆನಪಿರುವುದಿಲ್ಲ. ಪ್ರತಿ ಕೋಣೆಗೆ ಎಷ್ಟು ಭಾರ ಎಂದು ಬರೆದ ಮಹಡಿ ನಕ್ಷೆಯೊಂದನ್ನು ಆಫೀಸಿನ ಗೋಡೆಗೆ ಹಾಕಿ, ಅದರ ಪ್ರತಿಯನ್ನು ಆಡಳಿತ ಮಂಡಳಿಯ ನಡಾವಳಿ ಪುಸ್ತಕಕ್ಕೆ ಅಂಟಿಸಿ, ಪೀಠೋಪಕರಣ ಕೊಳ್ಳುವ ಪ್ರತಿ ಪ್ರಸ್ತಾವವೂ ಆ ನಕ್ಷೆಗೆ ತಾಳೆಯಾಗಬೇಕೆಂದು ಠರಾವು ಮಾಡಬೇಕು. ಪ್ರತಿ ಮೇ ತಿಂಗಳು ದೋಣಿ, ಕೊಳವೆ ಶುಚಿ ಮಾಡಿ, ಹೊರಗೋಡೆಯ ಜಂತೆ ತುದಿಗಳ ತೇವ ಅಳೆದು ಅದೇ ನಂಬರಿನ ಎದುರು ಬರೆದಿಡಬೇಕು. ಗೋಡೆಯ ಸಂದಿಯಲ್ಲಿ ಅರಳಿ ಸಸಿ ಕಂಡರೆ ಕೀಳಬಾರದು; ಬುಡಕ್ಕೆ ಕತ್ತರಿಸಿ, ಹಸಿ ಕಾಂಡಕ್ಕೆ ಕಳೆನಾಶಕ ಹಚ್ಚಿ, ಬೇರು ಸತ್ತ ಮೇಲೆ ಸಂದಿಯನ್ನು ಸುಣ್ಣದ ಗಾರೆಯಿಂದ ತುಂಬಬೇಕು.